ಅದು ಧೂಳಲ್ಲ

ಕಾಲು ತೊಳೆದುಕೊಂಡು ನನ್ನ ಕಂಪ್ಯೂಟರ್ ಕೋಣೆಗೆ ಬಂದ ಗಿರಾಕಿ ಎಂದರೆ ಅವರೊಬ್ಬರೇ. ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ ಇತ್ತು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಕಂಪ್ಯೂಟರ್ ಇಟ್ಟವರೆಲ್ಲ ಬಾಗಿಲಿಗೆ ‘ಚಪ್ಪಲಿ ಹೊರಗೆ ಬಿಡಿ’ ಎಂದು ಬರೆದು ಅಂಟಿಸುತ್ತಿದ್ದೆವು. ಯಾಕೆ ಎಂದು ಕೇಳಿದರೆ ನಮಗೂ ಸರಿಯಾಗಿ ಗೊತ್ತಿರಲಿಲ್ಲ. ಮದುವೆ ಪತ್ರಿಕೆ ಮಾಡಿಸಲು ಬಂದವರು ಅದನ್ನು ಓದಿ, ಗೊಣಗಿ, ಚಪ್ಪಲಿ ಬಿಟ್ಟು ಬರುತ್ತಿದ್ದರು. ಇವರು ಓದಿದರು, ಚಪ್ಪಲಿ ಬಿಟ್ಟರು, ಪಕ್ಕದ ಹೋಟೆಲಿನ ತೊಟ್ಟಿಯ ಹತ್ತಿರ ಹೋಗಿ ಕಾಲು ತೊಳೆದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದರು. ಬಂದವರೇ ನಾನು ಹಚ್ಚಿಟ್ಟಿದ್ದ ಊದುಬತ್ತಿಯನ್ನು ಕಿಟಕಿ ಕಟ್ಟೆಗೆ ಒತ್ತಿ ಆರಿಸಿದರು.

“ಅಭ್ಯಾಸ ಕಣಪ್ಪ,” ಎಂದರು. “ಹುಳದ ಮನೇಲಿ ಹೊಗೆ ಆಗಲ್ಲ.”

“ಇದು ಕಂಪ್ಯೂಟರ್ ಮನೆ ಮೇಡಂ.”

“ಚಪ್ಪಲಿ ಬಿಡಿ ಅಂತ ನೀನೇ ಬರ್ದಿದೀಯಲ್ಲ. ಅಷ್ಟು ನಾಜೂಕಿನದು ಅಂದ್ಮೇಲೆ ಹೊಗೇನೂ ಆಗಲ್ಲ.”

ಅವರು ಹೋದ ಸುದ್ದಿಯನ್ನು ಕಳೆದ ತಿಂಗಳು ಅವರ ತಮ್ಮ ಫೋನ್ ಮಾಡಿ ತಿಳಿಸಿದರು. ವಯಸ್ಸಾಗಿತ್ತು, ಹೆಚ್ಚು ನರಳಲಿಲ್ಲ ಎಂದರು. ನನಗೆ ಆ ಕ್ಷಣದಲ್ಲಿ ನೆನಪಾದದ್ದು ಆ ಆರಿದ ಊದುಬತ್ತಿ. ಆಮೇಲೆ ಬಹಳ ಹೊತ್ತು ದುಃಖವಾಯಿತು.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಅವರಿಗೆ ‘ಹುಳದ ಮೇಡಂ’ ಎಂದೇ ಹೆಸರು. ರೇಷ್ಮೆ ಸಾಕುವವರ ಮನೆ ಮನೆಗೆ ಹೋಗಿ ಹುಳ ಹೇಗಿವೆ ಎಂದು ನೋಡುವುದು, ತಪ್ಪಿದ್ದರೆ ತಿದ್ದುವುದು ಅವರ ನೌಕರಿ. ಮನೆಯಲ್ಲಿ ಉರ್ದು, ಕಚೇರಿಯಲ್ಲಿ ಕನ್ನಡ, ದಿಬ್ಬೂರಹಳ್ಳಿ ದಾಟಿದರೆ ತೆಲುಗು. ಬಸ್ಸಿನಲ್ಲಿ ಸೀಟು ಸಿಕ್ಕರೂ ಡ್ರೈವರ್ ಪಕ್ಕದ ಕಂಬ ಹಿಡಿದು ನಿಂತೇ ಹೋಗುತ್ತಿದ್ದರು. ದಾರಿಯ ಎರಡೂ ಕಡೆಯ ಹಿಪ್ಪುನೇರಳೆ ತೋಟ ಕಾಣಬೇಕಲ್ಲ. ಯಾರದಾದರೂ ಮನೆಯ ಹೊಸಿಲಿಗೆ ಬಂದರೆ ಮೊದಲು ಮೂಗು ಮುಂದೆ ಮಾಡಿ ವಾಸನೆ ನೋಡುವರು. ಆಮೇಲೆ ಒಳಗೆ ಕಾಲಿಡುವರು. ಹೂ ಮುಡಿಯುತ್ತಿರಲಿಲ್ಲ. ಹಬ್ಬದ ದಿನ ಅವರ ತಮ್ಮ ಅತ್ತರು ಹಚ್ಚಲು ಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದರಂತೆ, ನಾಳೆ ಹುಳದ ಮನೆಗೆ ಹೋಗಬೇಕು ಎಂದು.

ನನ್ನ ಹತ್ತಿರ ಬಂದದ್ದು ಒಂದು ಪಟದ ಕೆಲಸಕ್ಕೆ. ರೇಷ್ಮೆ ಹುಳಕ್ಕೆ ಬರುವ ರೋಗಗಳಲ್ಲಿ ಗಂಟುರೋಗ ಎಂಬುದೊಂದು ಇದೆ. ಹುಳದ ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಸಣ್ಣ ಕಪ್ಪು ಚುಕ್ಕೆ ಬೀಳುತ್ತವೆ. ಅದನ್ನು ಮೊದಲಲ್ಲೇ ಕಂಡು ಆ ಹುಳಗಳನ್ನು ಗುಂಡಿ ತೆಗೆದು ಹೂತು, ಮನೆ, ಹುಳ ಸಾಕುವ ಬಿದಿರು ತಟ್ಟೆ ಎಲ್ಲ ಚೊಕ್ಕ ಮಾಡಿದರೆ ಮುಂದಿನ ಬೆಳೆ ಉಳಿಯುತ್ತದೆ. ಕಾಣದಿದ್ದರೆ ಆ ಬೆಳೆಯೂ ಹೋಗುತ್ತದೆ, ರೋಗ ಮನೆಯಲ್ಲೇ ಕೂತು ಮುಂದಿನದನ್ನೂ ತಿನ್ನುತ್ತದೆ, ಪಕ್ಕದ ಮನೆಗೂ ದಾಟುತ್ತದೆ. ಈ ಚುಕ್ಕೆಯನ್ನು ಓದು ಬಾರದ ಹೆಂಗಸರಿಗೂ ತೋರಿಸಲು ಹಳೆಯದೊಂದು ಪಟವಿತ್ತು. ಯಾರೋ ಬಣ್ಣದಲ್ಲಿ ಬರೆದದ್ದು. ಸಾದಲಿಯಲ್ಲಿ ಅದನ್ನು ಗೋಡೆಗೆ ನೇತುಹಾಕಿದಾಗ ಒಬ್ಬ ಅಜ್ಜಿ ಹತ್ತಿರ ಬಂದು ನೋಡಿ, “ಇದು ಯಾವ ಹಾವಮ್ಮ?” ಎಂದು ಕೇಳಿದಳಂತೆ.

“ಆ ಅಜ್ಜಿ ಕೇಳಿದ್ದೇ ಸರಿ,” ಎಂದರು ಮೇಡಂ. “ಸತ್ತು ಕೊಳೆತ ಹುಳ ಬರ್ದು ತೋರಿಸಿದ್ರೆ ಏನು ಬಂತು? ಅಷ್ಟೊತ್ತಿಗೆ ಎಲ್ಲಾ ಮುಗಿದಿರುತ್ತೆ. ನಂಗೆ ಮೊದಲನೇ ಚುಕ್ಕೆ ಬೇಕು. ಅವರ ಮನೆ ಕತ್ಲೇಲಿ, ಅವರ ತಟ್ಟೇಲಿ, ಅವರ ಕಣ್ಣಿಗೆ ಹೆಂಗೆ ಕಾಣುತ್ತೋ ಹಂಗೆ.”

ಹುಳದ ಮನೆಯಲ್ಲಿ ಬೆಳಕು ಕಡಿಮೆ. ಕಿಟಕಿಗೆ ಗೋಣಿತಾಟು ಕಟ್ಟಿರುತ್ತಾರೆ. ಫ್ಲ್ಯಾಶ್ ಹೊಡೆಯಲು ಯಾವ ಮನೆಯವರೂ ಬಿಡುವುದಿಲ್ಲ. ಹುಳ ಬೆದರಿ ಎಲೆ ಬಿಡುತ್ತವೆ ಎನ್ನುತ್ತಾರೆ. ಹೊರಗೆ ಬಿಸಿಲಿಗೆ ತಂದು ತೆಗೆಯೋಣವೆಂದರೆ, ಹುಳವನ್ನು ಹೊಸಿಲು ದಾಟಿಸಿ ಪರರ ಕೈಗೆ ಕೊಡುವವರು ಯಾರೂ ಇಲ್ಲ. ಮೇಡಂ ತಮ್ಮನ ಹತ್ತಿರ ಕ್ಯಾಮೆರಾ ಇಸಕೊಂಡು, ಕತ್ತಲೆಗೆಂದೇ ಇರುವ ಫಿಲಂ ಬೆಂಗಳೂರಿನಿಂದ ತರಿಸಿಕೊಂಡು, ದಿಬ್ಬೂರಹಳ್ಳಿಯ ಅಶ್ವತ್ಥಮ್ಮ ಎಂಬಾಕೆಯ ಮನೆಯಲ್ಲಿ ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆದಿದ್ದರು. ಅಶ್ವತ್ಥಮ್ಮ ಒಪ್ಪಿದ್ದು ಸುಲಭದಲ್ಲಲ್ಲ. ಕಾಲು ತೊಳೆಸಿ, ಉಪ್ಪು ಮೆಣಸಿನಕಾಯಿ ನೀವಳಿಸಿ, ಕ್ಯಾಮೆರಾಕ್ಕೂ ಪ್ರತ್ಯೇಕವಾಗಿ ನೀವಳಿಸಿ ಒಳಗೆ ಬಿಟ್ಟಿದ್ದಳು. ಯಾರ ಮನೆಯ ಹುಳ ಎಂದು ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡಿದ್ದಳು. ರೋಗ ಬಂದ ಮನೆ ಎಂದು ಒಮ್ಮೆ ಹೆಸರಾದರೆ ಊರಿನಲ್ಲಿ ಯಾರೂ ಎಲೆಯನ್ನೂ ಕೊಡುವುದಿಲ್ಲ, ತಟ್ಟೆಯನ್ನೂ ಕೊಡುವುದಿಲ್ಲ.

ಹಾಗಂತ ಅವಳು ರೋಗ ಎಂದು ಒಪ್ಪಿದ್ದಳೇ? ಅದೂ ಇಲ್ಲ. ಮೇಡಂ ಬ್ಯಾಟರಿಗೆ ಕರವಸ್ತ್ರ ಸುತ್ತಿ ಮೆಲ್ಲಗೆ ಬೆಳಕು ಬಿಟ್ಟು, “ನೋಡು, ಚುಕ್ಕೆ” ಎಂದರೆ, ಅವಳು “ಎಲೆ ಮೇಲಿನ ಧೂಳು ಬಿದ್ದೈತೆ” ಎಂದಳಂತೆ. ಹೂತುಬಿಡು ಎಂದರೆ ಸಿಟ್ಟಾದಳು. ಸಿಟ್ಟು ಬಂದರೆ ಅಶ್ವತ್ಥಮ್ಮನ ಮಾತು ತೆಲುಗಿಗೆ ತಿರುಗುತ್ತಿತ್ತು. “ದುಮ್ಮು ಮೇಡಮ್ಮಾ, ದುಮ್ಮು!” ಧೂಳು, ಬರೀ ಧೂಳು, ಎಂದು.

“ಎಲ್ಲಾರೂ ಮೊದಲು ಹೇಳೋದು ಅದೇ,” ಎಂದರು ಮೇಡಂ ನನಗೆ. “ಕೆಂಚಾರ್ಲಹಳ್ಳೀಲೂ ಧೂಳು, ಸಾದಲೀಲೂ ಧೂಳು. ಅವರು ಸುಳ್ಳು ಹೇಳಲ್ಲಪ್ಪ. ಕಣ್ಣಾರೆ ನೋಡಿದ್ರೂ ಒಪ್ಪಕ್ಕೆ ಮನಸ್ಸು ಬರಲ್ಲ. ನನ್ನ ಮಾತು ಬೇಡ, ಪಟಾನೇ ಹೇಳ್ಬೇಕು.”

ಚಿಕ್ಕಬಳ್ಳಾಪುರದ ಕಲರ್ ಲ್ಯಾಬಿನಲ್ಲಿ ತೊಳೆಸಿದ ಆ ಫೋಟೋ ಕೈಗೆ ತೆಗೆದುಕೊಂಡು ನೋಡಿದೆ. ಪಟದ ತುಂಬ ಕಾಳು ಕಾಳು, ಎಲ್ಲ ರವೆ ರವೆ. ಕತ್ತಲೆಯಲ್ಲಿ ತೆಗೆದ ಫೋಟೋದ ಹಣೆಬರಹವೇ ಅದು. ಹುಳದ ಮೈಯೂ ರವೆ, ಎಲೆಯೂ ರವೆ, ತಟ್ಟೆಯೂ ರವೆ. ಸ್ಕ್ಯಾನ್ ಮಾಡಿದರೆ ನನ್ನ ಸ್ಕ್ಯಾನರ್ ಕಪ್ಪು ಜಾಗದಲ್ಲಿ ತನ್ನದೂ ಒಂದಿಷ್ಟು ಕೆಂಪು ಹಸಿರು ರವೆ ಸೇರಿಸಿತು. ಆದರೆ ನನ್ನ ಹತ್ತಿರ ಫೋಟೋ ತಿದ್ದುವ ಸಾಫ್ಟ್‌ವೇರ್ ಇತ್ತು, ಅದರ ಮೇಲೆ ನನಗೆ ವಿಪರೀತ ಹೆಮ್ಮೆಯೂ ಇತ್ತು. ಮದುಮಕ್ಕಳ ಮೊಡವೆ ತೆಗೆದು ಊರಿನಲ್ಲಿ ಹೆಸರು ಮಾಡಿದ್ದೆ.

“ನಾಳೆ ಬನ್ನಿ ಮೇಡಂ, ಕನ್ನಡಿ ಮಾಡಿಟ್ಟಿರ್ತೀನಿ,” ಎಂದೆ.

“ನಾಳೆ ಯಾಕೆ? ಕೂತಿರ್ತೀನಿ,” ಎಂದು ಸ್ಟೂಲು ಎಳೆದುಕೊಂಡು ಕೂತೇಬಿಟ್ಟರು.

ಆ ಸಾಫ್ಟ್‌ವೇರಿನಲ್ಲಿ ರವೆ ತೆಗೆಯಲು ಒಂದು ಆಜ್ಞೆ ಇತ್ತು. ಅದನ್ನು ಒತ್ತಿ, ಎಷ್ಟು ಬೇಕೆಂದು ಹೇಳಿ ಬಿಟ್ಟರೆ, ಪರದೆಯ ಮೇಲೆ ಒಂದು ಪಟ್ಟಿ ಇರುವೆಯ ಹಾಗೆ ತೆವಳುತ್ತಿತ್ತು. ಅಷ್ಟರಲ್ಲಿ ಹೋಟೆಲಿಗೆ ಹೋಗಿ ಟೀ ಕುಡಿದು ಬರಬಹುದಿತ್ತು. ನಾನು ಹೋಗಿ ಅವರಿಗೂ ಒಂದು ಟೀ ತಂದೆ. ತಿರುಗಿ ಬಂದಾಗ ಫೋಟೋ ಬೆಣ್ಣೆಯಂತೆ ನುಣುಪಾಗಿತ್ತು. ರವೆ ಎಲ್ಲಿ ಹೋಯಿತೋ. ಹುಳಗಳು ದುಂಡಗೆ, ಬೆಳ್ಳಗೆ, ಮುದ್ದಾಗಿ ಮಲಗಿದ್ದವು.

ಮೇಡಂ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಅಲ್ಲಪ್ಪ, ವಾಸಿ ಮಾಡಿಬಿಟ್ಟಿದೀಯಲ್ಲ.”

“ಏನು ಮೇಡಂ?”

“ಗಂಟುರೋಗ. ಅದಕ್ಕೆ ಔಷಧಿ ಇಲ್ಲ ಅಂತ ನಾನು ಇಷ್ಟು ವರ್ಷದಿಂದ ಊರೂರು ತಿರುಗಿ ಹೇಳ್ತಿದೀನಿ. ನೀನು ಟೀ ತರೋಷ್ಟರಲ್ಲಿ ವಾಸಿ ಮಾಡಿದೀಯ. ಮೊದಲೇ ಬರ್ಬೇಕಾಗಿತ್ತು ನಾನು.”

ನಿಜ. ರವೆಯ ಜೊತೆಗೆ ಚುಕ್ಕೆಯೂ ಹೋಗಿತ್ತು. ಎರಡೂ ಒಂದೇ ಗಾತ್ರ, ಕಂಪ್ಯೂಟರಿಗೆ ಎರಡೂ ಒಂದೇ. ನನಗೆ ನಗುವೂ ಬಂತು, ಅವಮಾನವೂ ಆಯಿತು. ಆ ಆಜ್ಞೆಯ ಹೆಸರೇನು ಎಂದು ಕೇಳಿದರು. “ಡಸ್ಟ್,” ಎಂದೆ. ಅವರು ಟೀ ಲೋಟ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ತೋಬಾ ತೋಬಾ. ಇದೂ ಅಶ್ವತ್ಥಮ್ಮನ ಥರಾನೇ ಹೇಳುತ್ತಲ್ಲಪ್ಪ.”

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಎದ್ದು ಹೋಗುತ್ತಿದ್ದರು. ನಾನೇ ಒಂದು ಸುಲಭದ ದಾರಿ ಹೇಳಿದೆ. ಹೇಗೂ ಹುಳ ನುಣ್ಣಗಾಗಿದೆ, ಅದರ ಮೇಲೆ ಮೌಸಿನಲ್ಲಿ ನಾನೇ ಚುಕ್ಕೆ ಇಡುತ್ತೇನೆ, ನೀವು ಎಲ್ಲೆಲ್ಲಿ ಎಂದು ತೋರಿಸಿ, ಎಂದೆ. ಅವರ ನಗು ನಿಂತಿತು.

“ಆಗ ಅದು ಆ ಹಾವಿನ ಪಟಾನೇ ಆಯ್ತಲ್ಲ. ನಾವು ಬರ್ದಿದ್ದು ಅಂತ ಗೊತ್ತಾಗಿಬಿಡುತ್ತಪ್ಪ ಅವರಿಗೆ. ಹುಳದ ಜೊತೇಲೇ ಮಲಗಿ ಏಳೋ ಹೆಂಗಸರು ಅವರು. ಇರೋದನ್ನ ತೋರಿಸು. ಇಲ್ದಿದ್ರೆ ಆಗಲ್ಲ ಅನ್ನು, ಬೇರೆ ಯಾರನ್ನಾದ್ರೂ ಕೇಳ್ತೀನಿ.”

ಬೇರೆ ಯಾರನ್ನಾದರೂ ಎಂದದ್ದು ನನಗೆ ಚುಚ್ಚಿತು. ನಾನು ಹಟಕ್ಕೆ ಬೀಳುವವನು. ಬೆಂಗಳೂರಿನ ಹಳೆ ಪುಸ್ತಕದಂಗಡಿಯಿಂದ ತಂದಿದ್ದ ಒಂದು ಕಂಪ್ಯೂಟರ್ ಪತ್ರಿಕೆಯಲ್ಲಿ ಓದಿದ್ದು ನೆನಪಾಯಿತು. ಆಕಾಶದ ಫೋಟೋ ತೆಗೆಯುವವರು ಒಂದೇ ಜಾಗವನ್ನು ಹಲವು ಸಲ ತೆಗೆದು, ಒಂದರ ಮೇಲೊಂದು ತೆಳುವಾಗಿ ಹೊದಿಸುತ್ತಾರಂತೆ. ರವೆ ಒಂದು ಪಟದಲ್ಲಿ ಬಿದ್ದ ಜಾಗದಲ್ಲಿ ಇನ್ನೊಂದರಲ್ಲಿ ಬೀಳುವುದಿಲ್ಲ. ಹಾಗಾಗಿ ಹೊದಿಸುತ್ತಾ ಹೋದಂತೆ ರವೆ ಕರಗುತ್ತದೆ, ನಿಜವಾಗಿ ಇರುವುದು ಮಾತ್ರ ಉಳಿಯುತ್ತದೆ. ಇದನ್ನು ಅವರಿಗೆ ಹೇಳಿದೆ. ಹೇಳಿ ನಾನೇ ತಲೆ ಕೆರೆದುಕೊಂಡೆ.

“ಆದ್ರೆ ನಕ್ಷತ್ರ ಅಲ್ಲಾಡಲ್ಲ ಮೇಡಂ. ಹುಳ ಅಲ್ಲಾಡುತ್ತೆ.”

ಅವರು ಆಗಲೇ ಎದ್ದು ನಿಂತಿದ್ದರು. “ಜ್ವರದಲ್ಲಿ ಅಲ್ಲಾಡಲ್ಲ.”

ರೇಷ್ಮೆ ಸಾಕುವ ಊರಿನಲ್ಲಿ ಹುಟ್ಟಿದವನು ನಾನು, ಆ ಮಾತು ಗೊತ್ತಿತ್ತು. ಹುಳ ಚರ್ಮ ಬಿಡುವ ಮುಂಚೆ ಎಲೆ ಮುಟ್ಟದೆ, ತಲೆ ಮೇಲೆತ್ತಿ, ಕಲ್ಲಿನಂತೆ ಕೂತುಬಿಡುತ್ತದೆ. ಅದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಅದು ಒಂದು ದಿನದ ಮಾತು. ಅಶ್ವತ್ಥಮ್ಮನ ಹುಳ ಎರಡನೇ ಜ್ವರದಿಂದ ಎದ್ದು ಎಲೆ ತಿನ್ನುತ್ತಿದ್ದವು. ಮೂರನೆಯದಕ್ಕೆ ಕೂರಲು ಬಹಳ ದಿನ ಇರಲಿಲ್ಲ. ನಾಲ್ಕನೇ ಜ್ವರಕ್ಕೆ ಕಾದರೆ ಚುಕ್ಕೆ ಎಲ್ಲರಿಗೂ ಕಾಣುತ್ತದೆ, ಆಗ ಪಟವೂ ಬೇಡ, ಮೇಡಮ್ಮೂ ಬೇಡ. ಹಾಗಾಗಿ ಮೂರನೆಯದೇ ಆಗಬೇಕು ಎಂದರು.

ಅಶ್ವತ್ಥಮ್ಮ ಎರಡನೇ ಸಲ ಬಿಡಲು ಒಪ್ಪಲಿಲ್ಲ. ಮೇಡಂ ಬೆಳಿಗ್ಗೆಯ ಬಸ್ಸಿಗೆ ಹೋಗಿ ಅವಳ ಜಗಲಿಯ ಮೇಲೆ ಕೂತರು. ಜಗಳ ಮಾಡಲಿಲ್ಲ. ಅವಳು ಸೊಪ್ಪು ತಂದರೆ ಇವರೂ ಕೂತು ಸೊಪ್ಪು ಹೆಚ್ಚಿದರು. ಕಸ ತೆಗೆದರೆ ಇವರೂ ಬುಟ್ಟಿ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಅಶ್ವತ್ಥಮ್ಮನಿಗೇ ಸಾಕಾಗಿ, “ನಿನ್ನಂಥ ಹಟದ ಹೆಂಗಸನ್ನ ನಾನು ಕಾಣೆ ತಾಯಿ. ಬಾ, ತಕ್ಕೊ” ಎಂದಳಂತೆ. ತಟ್ಟೆಯ ಮೇಲೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಉಸಿರು ಬಿಗಿಹಿಡಿದು, ಒಂದೇ ಜಾಗವನ್ನು ಫಿಲಂ ಮುಗಿಯುವವರೆಗೂ ತೆಗೆದರು. ಜ್ವರಕ್ಕೆ ಕೂತ ಹುಳ ಒಂದೂ ಮಿಸುಕಲಿಲ್ಲ.

ಆಮೇಲಿನ ಕೆಲಸ ನನ್ನದು. ಒಂದೊಂದು ಪ್ರಿಂಟನ್ನೂ ಸ್ಕ್ಯಾನ್ ಮಾಡಿ, ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ಒಂದರ ಕಣ್ಣಿನ ಮೇಲೆ ಇನ್ನೊಂದರ ಕಣ್ಣು ಕೂರುವಂತೆ ಹೊಂದಿಸಬೇಕು. ಮೇಲಿನದನ್ನು ಅರ್ಧ ತೆಳು ಮಾಡಬೇಕು, ಅದರ ಮೇಲಿನದನ್ನು ಇನ್ನೂ ತೆಳು. ನಡುವೆ ಕರೆಂಟು ಹೋಗುವುದು, ಮಾಡಿದ್ದೆಲ್ಲ ಹೋಗುವುದು, ಮತ್ತೆ ಮೊದಲಿನಿಂದ. ಮದುವೆ ಪತ್ರಿಕೆಯವರು ಬಂದು ಬೈದು ಹೋದರು. ಮೇಡಂ ದಿನಾ ಸಂಜೆ ಕಾಲು ತೊಳೆದುಕೊಂಡು ಬಂದು ಸ್ಟೂಲಿನ ಮೇಲೆ ಕೂರುವರು. ಅವಸರ ಮಾಡುತ್ತಿರಲಿಲ್ಲ, ಆದರೆ ಏಳುತ್ತಲೂ ಇರಲಿಲ್ಲ. ಸಾಕು ಎಂದು ನನಗೆ ಅನ್ನಿಸಿದಾಗಲೆಲ್ಲ ಬೆನ್ನ ಹಿಂದೆ ಅವರ ಉಸಿರು ಕೇಳುತ್ತಿತ್ತು.

ಒಂದು ಸಂಜೆ, ಹೊದಿಸುತ್ತಾ ಹೊದಿಸುತ್ತಾ, ರವೆ ಕರಗಿತು. ಬೆಣ್ಣೆಯ ನುಣುಪು ಬರಲಿಲ್ಲ. ಕತ್ತಲೆ ಕತ್ತಲೆಯಾಗಿಯೇ ಇತ್ತು, ಎಲೆಯ ನರ ಕಾಣುತ್ತಿತ್ತು. ತಲೆ ಎತ್ತಿ ಕೂತ ಹುಳದ ಪಕ್ಕೆಯ ಮೇಲೆ ಮೆಣಸಿನ ಪುಡಿಯ ಹಾಗೆ ಚುಕ್ಕೆ ಉಳಿದಿತ್ತು. ಮೇಡಂ ಪರದೆಗೆ ಬೆರಳು ತಾಗಿಸದೆ, ಒಂದೊಂದನ್ನೇ ಗಾಳಿಯಲ್ಲಿ ತೋರಿಸಿದರು. ನನ್ನ ಭುಜ ತಟ್ಟಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಈಗಲೂ ಅದನ್ನು ನೆನೆದರೆ ಹಾಗೇ ಆಗುತ್ತದೆ.

“ಈಗ ಇದನ್ನ ತೆಗಿ,” ಎಂದರು. ಬಿದಿರು ತಟ್ಟೆಯ ಅಂಚಿನಲ್ಲಿ, ಮುರಿದ ಜಾಗಕ್ಕೆ ಕೆಂಪು ಸೀರೆಯ ಅಂಚು ಹೊಲಿದು ಸಗಣಿ ಸಾರಿಸಿದ್ದ ತೇಪೆಯೊಂದಿತ್ತು.

“ಅದು ಚೆನ್ನಾಗೇ ಇದೆಯಲ್ಲ ಮೇಡಂ. ಇರೋದನ್ನ ತೋರಿಸು ಅಂದಿದ್ದು ನೀವೇ.”

“ಆ ತೇಪೆ ನೋಡಿದ್ರೆ ಊರೋರಿಗೆಲ್ಲ ಗೊತ್ತಾಗುತ್ತೆ ಯಾರ ತಟ್ಟೆ ಅಂತ. ಮಾತು ಕೊಟ್ಟಿದೀನಿ. ರೋಗ ಇರ್ಲಿ, ಹೆಸರು ಬೇಡ.”

ಪಕ್ಕದ ಬಿದಿರಿನ ಹೆಣಿಗೆಯನ್ನೇ ಎಳೆದು ತೇಪೆಯ ಮೇಲೆ ಮುಚ್ಚಿದೆ. ಆ ಇಡೀ ಪಟದಲ್ಲಿ ನಾವು ಸುಳ್ಳು ಮಾಡಿದ್ದು ಅದೊಂದೇ ಜಾಗದಲ್ಲಿ.

ಅಷ್ಟರಲ್ಲಿ ಅಶ್ವತ್ಥಮ್ಮನ ಬೆಳೆ ಹೋಗಿತ್ತು. ಅರ್ಧಕ್ಕರ್ಧ ಹುಳ ಗೂಡೇ ಕಟ್ಟಲಿಲ್ಲ. ಎಲೆ ಸರಿ ಇರಲಿಲ್ಲ, ಯಾರದೋ ಕಣ್ಣು ಬಿತ್ತು, ಎಂದುಕೊಂಡು ಅವಳು ಮನೆಯನ್ನು ಚೊಕ್ಕ ಮಾಡದೆಯೇ ಹೊಸ ಮರಿ ಕೂರಿಸಿದ್ದಳು. ಮೇಡಂ ಎಷ್ಟು ಹೇಳಿದರೂ ಕೇಳಿರಲಿಲ್ಲ.

ಒಂದೇ ಒಂದು ದೊಡ್ಡ ಪ್ರಿಂಟ್ ತೆಗೆಸಿಕೊಂಡು ಮೇಡಂ ದಿಬ್ಬೂರಹಳ್ಳಿಗೆ ಹೊರಟರು. “ನೀನೂ ಬಾ. ನಿನ್ನ ಪಟಕ್ಕೆ ಪರೀಕ್ಷೆ. ಇಲ್ಲಿ ಫೇಲಾದ್ರೆ ಹೆಚ್ಚು ಪ್ರಿಂಟ್ ಹಾಕಿಸೋ ಮಾತಿಲ್ಲ,” ಎಂದರು. ಒಂದು ಮನೆಯ ಜಗಲಿಯಲ್ಲಿ ಹೆಂಗಸರು ಸೇರಿದ್ದರು. ಅಶ್ವತ್ಥಮ್ಮ ಕಂಬಕ್ಕೆ ಒರಗಿ ಹಿಂದೆ ಕೂತಿದ್ದಳು. ನಾನು ಅವಳನ್ನು ನೋಡಿದ್ದು ಅವತ್ತೇ ಮೊದಲು. ಮೇಡಂ ಭಾಷಣ ಮಾಡಲಿಲ್ಲ. ಪಟವನ್ನು ಬಿಸಿಲಿಗೆ ಹಿಡಿಯದೆ, ಜಗಲಿಯ ಒಳಗಿನ ಮಬ್ಬಿನಲ್ಲಿ ಗೋಡೆಗೆ ಆನಿಸಿದರು.

“ಏನು ಕಾಣುತ್ತೆ, ಹೇಳಿ.”

ಮೂರನೇ ಜ್ವರ ಎಂದರು ಒಬ್ಬರು. ಒಳ್ಳೆ ಸೊಪ್ಪು ಎಂದರು ಇನ್ನೊಬ್ಬರು. ಹಾವು ಎಂದು ಯಾರೂ ಹೇಳಲಿಲ್ಲ. ಮುಂದೆ ಕೂತಿದ್ದ ಒಬ್ಬಾಕೆ ಬಗ್ಗಿ ನೋಡಿ, “ಧೂಳು ಬಿದ್ದೈತೆ ಮೇಡಮ್ಮ, ಫೋಟೋ ಮೇಲೆ” ಎಂದಳು. ಮೇಡಂ ಮುಖದಲ್ಲಿ ಏನೂ ಬದಲಾಗಲಿಲ್ಲ. “ಒರಸಿ ನೋಡು,” ಎಂದರು.

ಅವಳು ಸೆರಗಿನಿಂದ ಒರೆಸಿದಳು. ಚುಕ್ಕೆ ಹೋಗಲಿಲ್ಲ. ಇನ್ನೊಬ್ಬಳು ಬಂದು ಉಗುರಿನಲ್ಲಿ ಕೆರೆದಳು. ಹೋಗಲಿಲ್ಲ. ಆಗ ಅಶ್ವತ್ಥಮ್ಮ ಎದ್ದು ಮುಂದೆ ಬಂದಳು. ತನ್ನ ಹುಳ, ತನ್ನ ತಟ್ಟೆ. ತೇಪೆ ಇರಲಿಲ್ಲವಾಗಿ ಅವಳಿಗೆ ಗುರುತು ಸಿಗಲಿಲ್ಲ. ಅವಳು ಒರೆಸಲಿಲ್ಲ, ಕೆರೆಯಲಿಲ್ಲ. ಮುಖ ಹತ್ತಿರ ತಂದು, ಒಂದು ಹುಳದಿಂದ ಇನ್ನೊಂದಕ್ಕೆ ಕಣ್ಣು ಹರಿಸುತ್ತಾ ಹೋದಳು.

“ಪಾಪ, ಯಾರ ಮನೇದು ತಾಯಿ?”

“ಯಾರ ಮನೇದಾದ್ರೇನು. ಏನದು, ಹೇಳು.”

ಅಶ್ವತ್ಥಮ್ಮ ಮತ್ತೆ ಪಟಕ್ಕೆ ಬಗ್ಗಿದಳು. ಆಮೇಲೆ ಸಣ್ಣ ದನಿಯಲ್ಲಿ, “ಇದಿ ದುಮ್ಮು ಕಾದಮ್ಮಾ,” ಎಂದಳು. ಇದು ಧೂಳಲ್ಲ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿನ ತನ್ನ ಮನೆಗೆ ಹೊರಟಳು. ಹೊಸಿಲ ಬಳಿ ಅವಳು ಕಾಲಿಗೆ ನೀರು ಸುರಿದುಕೊಂಡ ಸದ್ದು ನಮಗೆ ಕೇಳಿಸಿತು. ಮೇಡಂ ಆ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಕೈಯ ಬೆರಳುಗಳನ್ನು ಒಂದರೊಳಗೊಂದು ಬಿಗಿದಿದ್ದರು. ಅವರು ಹೆದರಿದ್ದನ್ನು ನಾನು ಕಂಡದ್ದು ಆವತ್ತು ಮಾತ್ರ.

ಅಶ್ವತ್ಥಮ್ಮ ಹೊರಗೆ ಬಂದಳು. ಯಾರಿಗೂ ಗೊತ್ತಾಗಬಾರದು ಎಂದು ಮಾತು ತೆಗೆದುಕೊಂಡಿದ್ದವಳು, ಬೀದಿಯ ನಡುವೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು.

“ನಮ್ಮನೇಲೂ ಐತೆ. ಗುಂಡಿ ತೆಗೀಬೇಕು, ಬರ್ರೇ.”

ಮೇಡಂ ಪಟ ಸುತ್ತಿ ನನ್ನ ಕೈಗೆ ಕೊಟ್ಟರು. “ಪ್ರಿಂಟ್ ಹಾಕಿಸಪ್ಪ,” ಎಂದರು. ಚಪ್ಪಲಿಯನ್ನು ಅಲ್ಲೇ ಬಿಟ್ಟು ಬೀದಿ ದಾಟುತ್ತಾ ಕೂಗಿ ಕೇಳಿದರು, “ಅಶ್ವತ್ಥಮ್ಮ, ಗುದ್ದಲಿ ಎಲ್ಲಿಟ್ಟಿದೀಯ?”